ಕಪ್ಪತಗುಡ್ಡದ ಹುಲ್ಲು ಮತ್ತು ಬೆಂಕಿಯ ತಾರೀಖು: ಒಂದು ಪ್ರಕರಣ ಅಧ್ಯಯನ

ಶಿವರಾತ್ರಿಯ ಹಿಂದೆಮುಂದೆ ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ ಸೀಮೆಯ ಊರುಗಳಲ್ಲಿ ರಾತ್ರಿ ಮಾಳಿಗೆ ಏರಿ ನಿಂತರೆ ಕಪ್ಪತಗುಡ್ಡದ ಮೈಮೇಲೆ ಕೆಂಪು ಗೆರೆಯೊಂದು ಹರಿದಾಡುವುದು ಕಾಣುತ್ತದೆ. ‘ಗುಡ್ಡಕ್ಕ ಬೆಂಕಿ ಬಿದ್ದೈತಿ’ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಮಲಗುತ್ತಾರೆ. ಬೆಂಕಿ ತಾನಾಗಿ ಬೀಳುವುದಿಲ್ಲ. ಸಿಡಿಲಿನ ಅಡ್ಡಮಳೆ ಈ ಕಡೆ ಜೋರಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಅಷ್ಟರೊಳಗೆ ಸುಡಬೇಕಾದದ್ದು ಬಹುತೇಕ ಸುಟ್ಟಿರುತ್ತದೆ. ಅಂದರೆ ಇದು ಮನುಷ್ಯ ಹಚ್ಚಿದ ಬೆಂಕಿ, ಕೆಲವೊಮ್ಮೆ ಬೇಕೆಂದು, ಕೆಲವೊಮ್ಮೆ ಮರೆತು.

ವರ್ಷವರ್ಷವೂ ಅರಣ್ಯ ಇಲಾಖೆಯವರು ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ) ಕಡಿಯುತ್ತಾರೆ, ಕಾವಲಿಗೆ ಜನ ಹಾಕುತ್ತಾರೆ, ಊರಲ್ಲಿ ಡಂಗುರ ಹೊಡೆಸುತ್ತಾರೆ. ಆದರೂ ಗುಡ್ಡ ಯಾಕೆ ಸುಡುತ್ತದೆ? ಈ ಅಧ್ಯಯನದ ಪ್ರಶ್ನೆ ಇದೊಂದೇ. ಬೆಂಕಿಯನ್ನು ಒಂದು ಅಪರಾಧವಾಗಿ ಮಾತ್ರ ನೋಡುವವರಿಗೆ ಹಚ್ಚಿದವನು ಸಿಕ್ಕರೆ ಸಾಕು. ಗುಡ್ಡವನ್ನು ಒಂದು ದೊಡ್ಡ ಆಸ್ತಿಯಂತೆ ನಿಭಾಯಿಸಬೇಕಾದವರು ಕಡ್ಡಿ ಯಾರದು ಎಂದು ಕೇಳುವ ಮೊದಲು ತಾರೀಖು ಯಾವುದು ಎಂದು ಕೇಳಬೇಕಾಗುತ್ತದೆ. ಅದೇ ಕಡ್ಡಿ ಎಳ್ಳಮಾಸಿಗೆ ಮಾಡುವ ಕೆಲಸ ಬೇರೆ, ಹೋಳಿಹುಣ್ಣಿಮೆಗೆ ಮಾಡುವ ಕೆಲಸವೇ ಬೇರೆ.

ಜಾಗ

ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಿಗೆ ಹಬ್ಬಿರುವ ಕಪ್ಪತಗುಡ್ಡ ಒಂದೇ ಗುಡ್ಡವಲ್ಲ, ತುಂಗಭದ್ರೆಯ ಕಡೆಗೆ ಇಳಿದುಹೋಗುವ ಗುಡ್ಡಗಳ ಸಾಲು. ಸುತ್ತ ಎರೆಭೂಮಿ, ನಡುವೆ ಕಬ್ಬಿಣದ ಅಂಶದ ಕೆಂಪು ಕಲ್ಲು. ಗದಗ ಶಿಸ್ಟ್ ಪಟ್ಟಿ ಎಂಬ ಪದರುಕಲ್ಲಿನ ಸಾಲಿನ ಈ ಬಂಡೆಗಳಲ್ಲಿ ಬಂಗಾರವೂ ಇದೆ ಎಂಬ ಕಾರಣಕ್ಕೇ ಗುಡ್ಡಕ್ಕೆ ಗಣಿಯ ಸಂಕಟ ಬಂದದ್ದು. 2015ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಿಸಿ, 2016ರಲ್ಲಿ ಅದನ್ನು ಹಿಂದಕ್ಕೆ ಪಡೆದು, ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತು ನಡೆಸಿದ ಹೋರಾಟದ ನಂತರ 2017ರಲ್ಲಿ ಮತ್ತೆ ಘೋಷಿಸಿ, ಕೊನೆಗೆ 2019ರಲ್ಲಿ ಸುಮಾರು 244 ಚದರ ಕಿ.ಮೀ. ಪ್ರದೇಶವನ್ನು ವನ್ಯಜೀವಿಧಾಮ ಮಾಡಲಾಯಿತು.

ಈ ಇತಿಹಾಸ ಬೆಂಕಿಗೂ ಸಂಬಂಧಿಸಿದ್ದು. ಸಾದಾ ಮೀಸಲು ಅರಣ್ಯದ ನಿಯಮ ಬೇರೆ, ವನ್ಯಜೀವಿಧಾಮದ ನಿಯಮ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನೂ, ಉರಿಯುವ ಬೆಂಕಿಯನ್ನು ಹಾಗೇ ಬಿಟ್ಟುಹೋಗುವುದನ್ನೂ ನಿಷೇಧಿಸುತ್ತದೆ. 29ನೇ ಕಲಮಿನ ಪ್ರಕಾರ ಅನುಮತಿ ಇಲ್ಲದೆ ಹುಲ್ಲು ಕೊಯ್ದು ಒಯ್ಯುವಂತಿಲ್ಲ. ಧಾಮದ ಒಳಿತಿಗಾಗಿಯೇ ತೆಗೆಯಬೇಕಾದ ಉತ್ಪನ್ನವನ್ನು ಸುತ್ತಲಿನ ಜನರ ಸ್ವಂತ ಬಳಕೆಗೆ ಕೊಡಬಹುದು, ಮಾರಾಟಕ್ಕಲ್ಲ. ದನಕುರಿ ಮೇಯಿಸುವುದನ್ನು ನಿಯಂತ್ರಿಸುವ ಅಥವಾ ನಿಲ್ಲಿಸುವ ಅಧಿಕಾರ 33ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಇದೆ. ‘ಧಾಮ ಆತು, ಇನ್ನ ಕುರಿ ಹೊಡಕೊಂಡು ಹೋಗಂಗಿಲ್ಲ’ ಎಂದು ಊರಲ್ಲಿ ಹಬ್ಬಿದ ಮಾತು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಬೆಂಕಿಯ ಅರ್ಧ ರಾಜಕೀಯ ಈ ಅರೆನಿಜದ ಸುತ್ತಲೇ ಇದೆ.

ಕಾಡುಪ್ರಾಣಿಗಳ ಬಗ್ಗೆ ಒಂದು ಮಾತು. ಇಲ್ಲಿಯ ಮುಖ್ಯ ಜೀವಿಗಳು ದಟ್ಟ ಕಾಡಿನವಲ್ಲ. ತೋಳ, ಕತ್ತೆಕಿರುಬ, ನರಿ, ಕೊಂಡಕುರಿ, ಚಿರತೆ, ಮುಳ್ಳುಹಂದಿ, ಗೌಜಲಹಕ್ಕಿ, ಬುರ್ಲಿ ಎಲ್ಲ ಹುಲ್ಲು, ಕುರುಚಲು ಮತ್ತು ಬಂಡೆಯನ್ನು ನಂಬಿದವು. ಆದ್ದರಿಂದ ‘ಹುಲ್ಲು ಸುಟ್ಟರೆ ಏನಾತು, ಗಿಡ ಉಳದಾವಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಹುಲ್ಲೇ ಇಲ್ಲಿಯ ಕಾಡು.

ಹುಲ್ಲಿನ ಪಂಚಾಂಗ

ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆ. ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಹುಲ್ಲು ಎದ್ದು ನಿಲ್ಲುತ್ತದೆ. ಶೀಗಿಹುಣ್ಣಿಮೆ ಹೊತ್ತಿಗೆ ತೆನೆ ಬಿಡುತ್ತದೆ. ಸ್ವಾತಿ ಮಳೆ ನಿಂತ ಮೇಲೆ ಮೇಲಿನ ಗರಿ ಹಳದಿಗೆ ತಿರುಗುತ್ತದೆ, ಬುಡ ಮಾತ್ರ ಹಸಿರಾಗಿಯೇ ಇರುತ್ತದೆ. ಎಳ್ಳಮಾಸಿಯ ದಿನ ಒಂದು ಹಿಡಿ ಹುಲ್ಲನ್ನು ಬುಡದಲ್ಲಿ ಹಿಡಿದು ತಿರುವಿದರೆ ಅಂಗೈಗೆ ತಂಪು ತಗಲುತ್ತದೆ, ಕಡ್ಡಿ ಬಾಗುತ್ತದೆ. ಶಿವರಾತ್ರಿಯ ಮಧ್ಯಾಹ್ನ ಅದೇ ಹಿಡಿಯನ್ನು ತಿರುವಿ ನೋಡಿ: ಕಡ್ಡಿ ಲಟಲಟ ಮುರಿಯುತ್ತದೆ, ಗರಿ ಹಿಟ್ಟಾಗುತ್ತದೆ. ಈ ಎರಡು ಹಿಡಿಗಳ ನಡುವೆ ಇರುವುದು ಎರಡೇ ತಿಂಗಳು; ಎರಡನೆಯದು ಬರುವ ಮೊದಲೇ ಗುಡ್ಡದ ನಿರ್ವಹಣೆ ಮುಗಿದಿರಬೇಕು. ಅಲ್ಲಿಂದಾಚೆ ಉಳಿಯುವುದು ಓಡಾಟ.

ಎಲ್ಲ ಹುಲ್ಲೂ ಒಂದೇ ಅಲ್ಲ. ದನ ಇಷ್ಟಪಟ್ಟು ತಿನ್ನುವ ಹುಲ್ಲು ತೆನೆ ಬಿಡುವ ಮೊದಲೇ ಮುಗಿದಿರುತ್ತದೆ. ಉಳಿಯುವುದು ಬಾದೆ ಹುಲ್ಲು, ಎಣ್ಣೆಯ ವಾಸನೆಯ ಗಂಜಣಿ ಜಾತಿಯವು ಮತ್ತು ಸೂಜಿಹುಲ್ಲು. ಎಳೆಯದಿದ್ದಾಗ ಇವನ್ನೂ ತಿನ್ನುತ್ತವೆ; ಬಲಿತ ಮೇಲೆ ಮೂಸಿಯೂ ನೋಡುವುದಿಲ್ಲ. ಸೂಜಿಹುಲ್ಲಿನ ಬೀಜವಂತೂ ಕುರಿಯ ಉಣ್ಣೆಗೆ ಹೊಕ್ಕು ಚರ್ಮಕ್ಕೆ ಚುಚ್ಚುತ್ತದೆ, ಅದಕ್ಕೇ ಕುರಿಗಾಹಿಗಳು ತೆನೆ ಬಂದ ದಿನ್ನೆಯಿಂದ ಹಿಂಡನ್ನು ದೂರ ಹೊಡೆಯುತ್ತಾರೆ. ‘ಮೇಯಿಸಿದರೆ ಹುಲ್ಲು ಕಡಿಮೆಯಾಗಿ ಬೆಂಕಿ ಕಡಿಮೆಯಾಗುತ್ತದೆ’ ಎಂಬ ವಾದ ಅರ್ಧ ಮಾತ್ರ ಸರಿ ಎನ್ನುವುದು ಇದಕ್ಕೇ. ಮೇವು ಬೆಂಕಿಗೆ ಬೇಡದ್ದನ್ನು ಮೊದಲು ತೆಗೆಯುತ್ತದೆ, ಬೆಂಕಿಗೆ ಬೇಕಾದದ್ದನ್ನು ಹಾಗೇ ಬಿಡುತ್ತದೆ.

ಹುಲ್ಲು ಎಷ್ಟಿದೆ ಎಂದು ಕಣ್ಣಳತೆಯಲ್ಲಿ ಹೇಳುವುದು ಬೇಡ, ತೂಗಬಹುದು. ಕಡ್ಡಿಗಳಿಂದ 1 ಮೀಟರ್ × 1 ಮೀಟರ್ ಚೌಕಟ್ಟು ಕಟ್ಟಿಕೊಂಡು, ಒಂದೊಂದು ಇಳಿಜಾರಿನಲ್ಲಿ ಹತ್ತು ಕಡೆ ಕಣ್ಣುಮುಚ್ಚಿ ಎಸೆದು, ಚೌಕಟ್ಟಿನೊಳಗಿನ ಹುಲ್ಲನ್ನು ನೆಲಮಟ್ಟಕ್ಕೆ ಕೊಯ್ದು, ಬಿಸಿಲಲ್ಲಿ ಮೂರು ದಿನ ಒಣಗಿಸಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ಸಾಕು. ಚೌಕಟ್ಟಿಗೆ 100 ಗ್ರಾಂ ಬಂದರೆ ಹೆಕ್ಟೇರಿಗೆ 1 ಟನ್ನು, 200 ಗ್ರಾಂ ಬಂದರೆ 2 ಟನ್ನು. ಡಿಸೆಂಬರಿನಲ್ಲಿ ಈ ಕೆಲಸ ಮಾಡಿದವರಿಗೆ ಕಾವಲು ಎಲ್ಲಿ ಹೆಚ್ಚು ಬೇಕು ಎಂಬುದು ನಕ್ಷೆಯ ಮೇಲೆ ಕಾಣುತ್ತದೆ. ಸಾಮಾನ್ಯವಾಗಿ ಆಗುವುದು ಬೇರೆ: ರಸ್ತೆ ಇರುವ ಕಡೆ ಕಾವಲು, ಹುಲ್ಲು ಇರುವ ಕಡೆ ಯಾರೂ ಇಲ್ಲ.

ಹಚ್ಚುವವರ ಲೆಕ್ಕ

ಬೀಡಿ ತುಂಡು, ಜೇನು ಬಿಡಿಸುವವರ ಹೊಗೆಸೂಡಿ, ಮೊಲದ ಬೇಟೆ, ಒಣಹುಲ್ಲಿನ ಮೇಲೆ ನಿಲ್ಲಿಸಿದ ಬೈಕಿನ ಕಾದ ಸೈಲೆನ್ಸರ್, ಇವೆಲ್ಲ ಇವೆ. ಗುಡ್ಡದಂಚಿನ ಹೊಲಗಳಲ್ಲಿ ಹತ್ತಿ ಕಟ್ಟಿಗೆ, ಗೋವಿನಜೋಳದ ದಂಟು ಸುಡುವಾಗ ಗಾಳಿ ತಿರುಗಿ ಏರುವ ಬೆಂಕಿಯೂ ಕಡಿಮೆಯಲ್ಲ. ಬದುವಿನಿಂದ ಹತ್ತು ಮಾರು ಒಳಗೆ ರಾಶಿ ಹಾಕಿ, ಸುತ್ತ ನೇಗಿಲಿನ ನಾಲ್ಕು ಸಾಲು ಹೊಡೆದು, ಸಂಜೆ ಗಾಳಿ ನಿಂತ ಮೇಲೆ ಹಚ್ಚಿದರೆ ಇದು ನಿಲ್ಲುತ್ತದೆ. ಇದಕ್ಕೆ ಹೆಚ್ಚು ಮಾತು ಬೇಡ.

ಮಾತು ಬೇಕಾದದ್ದು ಹೊಸ ಚಿಗುರಿಗಾಗಿ ಹಚ್ಚುವ ಬೆಂಕಿಗೆ. ಕುರಿಗಾಹಿಯ ವರ್ಷ ನೋಡಿ. ಹಿಂಗಾರಿ ಜೋಳ, ಕಡಲೆ ಕಿತ್ತ ಮೇಲೆ ಎರೆಹೊಲಗಳಲ್ಲಿ ಕುರಿ ತರುಬುತ್ತಾರೆ. ರೈತನಿಗೆ ಗೊಬ್ಬರ, ಹಿಂಡಿಗೆ ಕೂಳೆ. ಮಾರ್ಚ್ ಕಳೆದರೆ ಕೂಳೆ ಮುಗಿಯಿತು, ಹೊಲ ರಂಟೆಗೆ ಸಿಕ್ಕಿತು. ಮುಂಗಾರಿನವರೆಗೆ ಎರಡು ತಿಂಗಳು ಹಿಂಡಿಗೆ ಹಸಿರು ಬೇಕು. ಫೆಬ್ರುವರಿ ಕೊನೆಗೆ ಬಾದೆ ಹುಲ್ಲಿನ ದಿನ್ನೆ ಸುಟ್ಟರೆ ಎರಡು ಮೂರು ವಾರದಲ್ಲಿ ಬುಡದಿಂದ ಎಳೆ ಗರಿ ಏಳುತ್ತದೆ, ಮಳೆ ಇಲ್ಲದಿದ್ದರೂ. ಇದು ಮೂಢನಂಬಿಕೆಯಲ್ಲ, ಕಣ್ಣಾರೆ ಕಂಡದ್ದು. ಇದನ್ನು ಅಜ್ಞಾನ ಎಂದು ಭಿತ್ತಿಪತ್ರದಲ್ಲಿ ಬರೆದರೆ ಓದುವವರು ನಗುತ್ತಾರೆ.

ತಪ್ಪುವುದು ಮುಂದಿನ ಲೆಕ್ಕದಲ್ಲಿ. ಮಳೆ ಇಲ್ಲದೆ ಬಂದ ಆ ಚಿಗುರು ಬೇರಿನಲ್ಲಿ ಕೂಡಿಟ್ಟ ಗಂಟನ್ನು ಬಿಚ್ಚಿ ತಂದದ್ದು. ಅದನ್ನು ಕುರಿ ಬುಡಮಟ್ಟ ಕಚ್ಚಿತು, ಮತ್ತೆ ಚಿಗುರಿತು, ಮತ್ತೆ ಕಚ್ಚಿತು. ಮುಂಗಾರು ಬರುವ ಹೊತ್ತಿಗೆ ಬುಡದ ನಡುಭಾಗ ಸತ್ತು ಟೊಳ್ಳಾಗಿ, ಸುತ್ತ ಉಂಗುರದಂತೆ ನಾಲ್ಕು ಎಸಳು ಉಳಿದಿರುತ್ತವೆ. ಮೂರು ನಾಲ್ಕು ವರ್ಷ ಹೀಗೇ ನಡೆದರೆ ಬಹುವಾರ್ಷಿಕ ಹುಲ್ಲಿನ ಜಾಗಕ್ಕೆ ಒಂದೇ ಮಳೆಗಾಲ ಬದುಕುವ ಮುಳ್ಳುಬೀಜದ ಹುಲ್ಲು ಬರುತ್ತದೆ. ಅದು ಮೇವಿಗೂ ಆಗದು, ಮಣ್ಣನ್ನೂ ಹಿಡಿಯದು, ಡಿಸೆಂಬರಿಗೇ ಒಣಗಿ ಕಾಗದದಂತೆ ಹೊತ್ತಿಕೊಳ್ಳುತ್ತದೆ. ಹಿಂಡಿನ ಹಿರಿಯರಿಗೆ ಇದು ಗೊತ್ತು. ‘ಮೊದಲಿನಂಗ ಹುಲ್ಲು ಏಳವಲ್ದು’ ಎಂದು ಹೇಳುವವರು ಅವರೇ. ಆದರೆ ಧಾಮದೊಳಗೆ ಮೇಯಿಸುವ ಹಕ್ಕೇ ಡೋಲಾಯಮಾನವಾದಾಗ ಮುಂದಿನ ವರ್ಷದ ಹುಲ್ಲಿನ ಚಿಂತೆ ಯಾರು ಮಾಡುತ್ತಾರೆ? ಇವತ್ತು ಸಿಕ್ಕದ್ದು ಇವತ್ತಿಗೆ.

ಇದಕ್ಕೆ ಮದ್ದು ಕಾವಲಿನಲ್ಲಿಲ್ಲ, ಹುಲ್ಲಿನ ಹಂಚಿಕೆಯಲ್ಲಿದೆ. ನವೆಂಬರ್ ಎರಡನೇ ವಾರದಿಂದ ಡಿಸೆಂಬರ್ ನಡುವಿನವರೆಗೆ, ಬೀಜ ಉದುರಿ ಬುಡ ಇನ್ನೂ ಹಸಿ ಇರುವಾಗ, ಗೊತ್ತು ಮಾಡಿದ ಪಟ್ಟಿಗಳಲ್ಲಿ ಕುಡಗೋಲಿನಿಂದ ಹುಲ್ಲು ಕೊಯ್ದು ಹೊತ್ತು ಒಯ್ಯಲು ಬಿಡುವುದು. ಬುಡದಿಂದ ನಾಲ್ಕು ಬೆರಳು ಮೇಲಕ್ಕೆ ಕೊಯ್ಯಬೇಕು, ಕಿತ್ತರೆ ಕೆಟ್ಟಿತು. ಬಾದೆ ಹುಲ್ಲು ಮೇವಿಗೆ ಸಾಧಾರಣ, ಹೊದಿಕೆಗೆ ಚಲೋ. 29ನೇ ಕಲಮಿನ ಕಾರಣ ಇದನ್ನು ವಲಯದ ಮಟ್ಟದಲ್ಲಿ ಬಾಯಿಮಾತಿನಿಂದ ಮಾಡಲಾಗದು; ಧಾಮದ ನಿರ್ವಹಣಾ ಯೋಜನೆಯೊಳಗೇ ಬರೆದು ಒಪ್ಪಿಗೆ ಪಡೆದಿರಬೇಕು. ಪ್ರಾಯೋಗಿಕವಾಗಿ ಎಡವುವುದು ಇಲ್ಲೇ: ಕಾಗದ ತಡವಾಗಿ ಜನವರಿಗೆ ಬಂದರೆ ಹುಲ್ಲಿನಲ್ಲಿ ಸತ್ವ ಉಳಿದಿರುವುದಿಲ್ಲ, ಜನ ಬರುವುದಿಲ್ಲ, ‘ಕೊಟ್ಟರೂ ಒಯ್ಯಲಿಲ್ಲ’ ಎಂದು ಕಡತ ಮುಚ್ಚುತ್ತದೆ.

ಕೊಯ್ಲಿನ ಪಟ್ಟಿಯನ್ನು ಗುಡ್ಡವೆಲ್ಲ ಹರಡುವುದೂ ತಪ್ಪು. ತೋಳ ಮರಿ ಹಾಕುವುದು ಚಳಿಗಾಲದಲ್ಲಿ. ಗವಿ, ಹಳ್ಳದ ದಂಡೆಯ ಬಿಲ ಇರುವ ಕೊಳ್ಳಗಳಲ್ಲಿ ಮಾರ್ಚ್‌ವರೆಗೆ ಮನುಷ್ಯರ ಓಡಾಟ ಇರಬಾರದು. ಗೌಜಲಹಕ್ಕಿಗೆ ಮೊಟ್ಟೆಯಿಡಲು ಎತ್ತರದ ಹುಲ್ಲು ನಿಂತಿರಬೇಕು. ಕೊಂಡಕುರಿ ಹಗಲು ಅಡಗುವುದೂ ಅಂಥಲ್ಲೇ. ಹೀಗಾಗಿ ಕೊಯ್ಲು ಬೆಂಕಿ ರೇಖೆಯ ಆಸುಪಾಸು ಮತ್ತು ಊರಿನ ಕಡೆಯ ಬುಡದಲ್ಲಿ ಮಾತ್ರ.

ರೇಖೆ ಹಾಕುವ ಕ್ರಮ

ಬೆಂಕಿ ರೇಖೆ ಎಂದರೆ ಹುಲ್ಲು ಕೆರೆದ ದಾರಿ ಎಂದು ತಿಳಿದವರೇ ಹೆಚ್ಚು. ಬರೀ ಕೆರೆದು 10 ಮೀಟರ್ ಅಗಲ ಮಾಡಬೇಕೆಂದರೆ 1 ಕಿ.ಮೀ.ಗೆ ಒಂದು ಹೆಕ್ಟೇರ್ ನೆಲ ಕೆರೆಯಬೇಕು. ಹೆಕ್ಟೇರಿಗೆ 2 ಟನ್ ಹುಲ್ಲಿದ್ದರೆ ಅಷ್ಟನ್ನೂ ಹೊರಬೇಕು. ಅಷ್ಟು ಆಳು ಯಾವ ವರ್ಷವೂ ಸಿಗದು. ಅದಕ್ಕೇ ಹಳೆಯ ಕ್ರಮ ಎರಡು ಗೆರೆ, ನಡುವೆ ಬೆಂಕಿ. 8ರಿಂದ 10 ಮೀಟರ್ ಅಂತರದಲ್ಲಿ ಎರಡು ಗೆರೆ ಗುರುತಿಸಿ, ನವೆಂಬರ್ ಕೊನೆಗೆ ಒಂದೊಂದು ಗೆರೆಯನ್ನೂ ಒಂದೂವರೆ ಮೀಟರ್ ಅಗಲಕ್ಕೆ ಮಣ್ಣು ಕಾಣುವಂತೆ ಸಲಿಕೆಯಿಂದ ಕೆರೆಯುತ್ತಾರೆ. ಕೆರೆದ ಹುಲ್ಲನ್ನು ಎರಡೂ ಗೆರೆಗಳಿಂದ ಒಳಮುಖವಾಗಿ, ನಡುವಿನ ಪಟ್ಟಿಯ ಮೇಲೆ ಎಸೆಯಬೇಕು. ಹೊರಕ್ಕೆ ಎಸೆದರೆ ಹೊರಗಿನ ಹುಲ್ಲಿಗೆ ಒಣ ಉರುವಲು ಕೊಟ್ಟಂತಾಗುತ್ತದೆ. ಈ ಚಿಕ್ಕ ತಪ್ಪು ಎಷ್ಟು ಕಡೆ ಕಾಣುತ್ತದೆಂದರೆ ಹೇಳಿ ಸಾಕಾಗಿದೆ.

ನಡುವಿನ ಪಟ್ಟಿಯ ಹುಲ್ಲು ಹತ್ತು ಹದಿನೈದು ದಿನ ಒಣಗಿದ ಮೇಲೆ, ಹೊರಗಿನ ಹುಲ್ಲು ಇನ್ನೂ ಅರೆಹಸಿ ಇರುವಾಗ, ಡಿಸೆಂಬರಿನ ಸಂಜೆ ನಾಲ್ಕೂವರೆ ದಾಟಿದ ಮೇಲೆ ಸುಡುವುದು. ಬೆಂಕಿಯನ್ನು ಯಾವಾಗಲೂ ಮೇಲಿನ ತುದಿಯಲ್ಲಿ ಹಚ್ಚಿ ಇಳಿಮುಖವಾಗಿ, ಗಾಳಿಗೆ ಎದುರಾಗಿ ತರಬೇಕು. ಇಪ್ಪತ್ತು ಮೂವತ್ತು ಮೀಟರಿನ ತುಂಡು ಮುಗಿದ ಮೇಲೆ ಮುಂದಿನ ತುಂಡು. ಒಂದು ತಂಡದಲ್ಲಿ ಎಂಟು ಜನ: ಹಚ್ಚುವವನು ಒಬ್ಬ, ಎರಡೂ ಗೆರೆಗಳಲ್ಲಿ ಹಸಿ ಟೊಂಗೆ ಹಿಡಿದ ಇಬ್ಬಿಬ್ಬರು, ಬೆನ್ನಿಗೆ ನೀರಿನ ಪಂಪ್ ಹೊತ್ತ ಇಬ್ಬರು, ಹಿಂದೆ ಉಳಿದು ಹೊಗೆ ನೋಡುವವನು ಒಬ್ಬ. ಕೊನೆಯವನನ್ನು ಉಳಿತಾಯದ ಹೆಸರಲ್ಲಿ ಕೈಬಿಡುತ್ತಾರೆ, ರಾತ್ರಿ ಹತ್ತಕ್ಕೆ ರೇಖೆಯಿಂದಲೇ ಬೆಂಕಿ ಏಳುವುದು ಅಂಥ ಕಡೆ. ಅಡವಿಯಲ್ಲಿ ಬಿದ್ದ ಒಣ ಸಗಣಿ ಹೊಗೆಯಿಲ್ಲದೆ ಗಂಟೆಗಟ್ಟಲೆ ಒಳಗೊಳಗೇ ಉರಿಯುತ್ತದೆ; ಇಳಿಜಾರಿನಲ್ಲಿ ಉರುಳಿ ಗೆರೆ ದಾಟಿದರೆ ಮುಗಿಯಿತು. ಸುಡುವ ಮೊದಲು ಪಟ್ಟಿಯ ಸಗಣಿ, ಒಣಕೊರಡು ಆರಿಸಿ ತೆಗೆಯುವುದು ಅರ್ಧ ಗಂಟೆಯ ಕೆಲಸ.

ಎಲ್ಲಿ ಹಾಯಬೇಕು ಎಂಬುದು ಅಗಲಕ್ಕಿಂತ ದೊಡ್ಡ ಪ್ರಶ್ನೆ. ಇಳಿಜಾರು 10 ಡಿಗ್ರಿ ಹೆಚ್ಚಿದಂತೆ ಏರುವ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ. ನಡುಇಳಿಜಾರಿನಲ್ಲಿ ಅಡ್ಡಲಾಗಿ ಹಾಕಿದ ರೇಖೆಗೆ ಬೆಂಕಿ ಪೂರ್ತಿ ರಭಸದಲ್ಲಿ ಬಂದು ಬಡಿಯುತ್ತದೆ, ಜ್ವಾಲೆ ಮುಂದಕ್ಕೆ ಬಾಗಿ 10 ಮೀಟರನ್ನೂ ದಾಟಬಹುದು. ಅದೇ ರೇಖೆ ಗುಡ್ಡದ ಬೆನ್ನಿನ ಮೇಲೆ, ಸ್ವಲ್ಪ ಆಚೆ ಬದಿಗೆ ಇದ್ದರೆ ಏರಿ ಬಂದ ಬೆಂಕಿ ನೆತ್ತಿಯಲ್ಲಿ ಉಸಿರು ಕಳೆದುಕೊಂಡಿರುತ್ತದೆ. ಕಪ್ಪತಗುಡ್ಡದ ನೆತ್ತಿಗಳ ಮೇಲೆ ಗಾಳಿಯಂತ್ರಗಳಿಗೆ ಮಾಡಿದ ರಸ್ತೆಗಳಿವೆ. ಆ ರಸ್ತೆಗಳ ಬಗ್ಗೆ ತಕರಾರು ಏನೇ ಇರಲಿ, ಈಗಾಗಲೇ ಇರುವುದನ್ನು ರೇಖೆಯಾಗಿ ಬಳಸದೆ ನಡುಇಳಿಜಾರಿನಲ್ಲಿ ಹೊಸದು ಕೆರೆಯುವುದು ದುಡ್ಡು ದಂಡ. ರಸ್ತೆಯ ಎರಡೂ ಅಂಚಿನ ಮೂರು ಮೂರು ಮೀಟರ್ ಹುಲ್ಲು ತೆಗೆದರೆ ಅದೇ ಒಳ್ಳೆಯ ರೇಖೆ; ತೆಗೆಯದಿದ್ದರೆ ಅದೇ ಬೆಂಕಿ ಹುಟ್ಟುವ ಜಾಗ.

ಬೇಕೆಂದೇ ಸುಡುವ ಪದ್ಧತಿಗೆ ಸ್ಕಾಟ್‌ಲೆಂಡಿನ ಎತ್ತರದ ಎಸ್ಟೇಟುಗಳ ಉದಾಹರಣೆ ಕೊಡುವವರಿದ್ದಾರೆ. ಅಲ್ಲಿ ಗ್ರೌಸ್ ಎಂಬ ಬೇಟೆಹಕ್ಕಿಗಾಗಿ ಹೆದರ್ ಎಂಬ ಕುರುಚಲು ಗಿಡದ ಮೈದಾನವನ್ನು ಸುಮಾರು 30 ಮೀಟರ್ ಅಗಲದ ಪಟ್ಟಿಗಳಲ್ಲಿ, ಹತ್ತು ಹದಿನೈದು ವರ್ಷಕ್ಕೊಂದು ಸುತ್ತಿನಂತೆ ಸುಡುತ್ತಾರೆ. 2024ರ ಕಾಯ್ದೆ ಅದನ್ನೂ ಪರವಾನಗಿಯ ವ್ಯವಸ್ಥೆಗೆ ತಂದಿದೆ. ಅಲ್ಲಿಂದ ಕಲಿಯಬೇಕಾದದ್ದು ಬೆಂಕಿಯನ್ನಲ್ಲ, ಪಟ್ಟಿಯನ್ನು. ನಮ್ಮ ಹುಲ್ಲು ಒಂದೇ ವರ್ಷದಲ್ಲಿ ಮತ್ತೆ ಉರುವಲಾಗುತ್ತದೆ, ನೆಲ ತೇವದ ಪೀಟ್ (ಅರೆಕೊಳೆತ ಸಸ್ಯದ ಮಣ್ಣು) ಅಲ್ಲ, ಒಣ ಜಲ್ಲಿ. ಆದರೆ ಒಂದು ಇಳಿಜಾರಿನಲ್ಲಿ ಸುಟ್ಟ, ಕೊಯ್ದ, ನಿಂತ ಹುಲ್ಲಿನ ಪಟ್ಟಿಗಳು ಅಕ್ಕಪಕ್ಕ ಇದ್ದರೆ ಯಾವ ಬೆಂಕಿಯೂ ಇಡೀ ಗುಡ್ಡ ಸುತ್ತುವುದಿಲ್ಲ ಎಂಬುದು ಎರಡೂ ಕಡೆ ಒಂದೇ.

ಬೆಂಕಿ ಎದ್ದ ದಿನ

ಉಪಗ್ರಹದ ಎಚ್ಚರಿಕೆ ಇದೆಯಲ್ಲ ಎಂಬ ಧೈರ್ಯ ಹುಲ್ಲುಗುಡ್ಡದಲ್ಲಿ ಕೈಕೊಡುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣೆಯ ಎಸ್‌ಎಂಎಸ್ ಬರುವುದು ಹೆಚ್ಚಾಗಿ ವಿಯರ್ಸ್ ಮತ್ತು ಮೋಡಿಸ್ ಸಂವೇದಕಗಳ ಮಾಹಿತಿಯಿಂದ. ವಿಯರ್ಸ್‌ನ ಒಂದು ಚುಕ್ಕೆ 375 ಮೀಟರ್, ಮೋಡಿಸ್‌ನದು 1 ಕಿ.ಮೀ. ವಿಯರ್ಸ್ ನಮ್ಮ ನೆತ್ತಿಯ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆಯ ಸುಮಾರಿಗೆ. ಮೂರು ಗಂಟೆಗೆ ಹೊತ್ತಿದ ಹುಲ್ಲಿನ ಬೆಂಕಿ ಆರಕ್ಕೆ ಒಂದು ದಿನ್ನೆ ಮುಗಿಸಿ ತಣ್ಣಗಾಗಿರುತ್ತದೆ. ಉಪಗ್ರಹ ಅದನ್ನು ನೋಡುವುದೇ ಇಲ್ಲ. ದಟ್ಟ ಕಾಡಿನಲ್ಲಿ ಎರಡು ದಿನ ಉರಿಯುವ ಕೊರಡಿಗೆ ಸರಿಹೋಗುವ ವ್ಯವಸ್ಥೆ ಇದು. ಇಲ್ಲಿ ಎತ್ತರದ ಬಂಡೆಯ ಮೇಲೆ ಕೂತ ಕಣ್ಣು, ಚಾರ್ಜ್ ಇರುವ ಫೋನು, ಆ ಫೋನಿಗೆ ಸಿಗ್ನಲ್ ಸಿಗುವ ಜಾಗ, ಈ ಮೂರೇ ಗತಿ. ಕಾವಲು ಹೊತ್ತನ್ನು ಬೆಳಿಗ್ಗೆ ಎಂಟರಿಂದ ಸಂಜೆ ಐದು ಎಂದು ಕಚೇರಿಯಂತೆ ಇಟ್ಟರೆ ಕೆಲಸವಿಲ್ಲ. ಬೇಕಾದದ್ದು ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟು.

ಎದುರಿನಿಂದ ಹೋಗಿ ಬಡಿದು ಆರಿಸಬಹುದೇ ಬೇಡವೇ? ಇದಕ್ಕೆ ಲೆಕ್ಕವಿದೆ. ಬೆಂಕಿಯ ಒಂದು ಮೀಟರ್ ಅಂಚು ಸೆಕೆಂಡಿಗೆ ಹೊಮ್ಮಿಸುವ ಶಾಖ ಎಂದರೆ ಹುಲ್ಲಿನ ತೂಕ, ಅದರ ಶಾಖಮೌಲ್ಯ ಮತ್ತು ಬೆಂಕಿ ಸಾಗುವ ವೇಗ ಇವುಗಳ ಗುಣಾಕಾರ. ಹೆಕ್ಟೇರಿಗೆ 2 ಟನ್ ಹುಲ್ಲು, ಕಿಲೋಗೆ 18,000 ಕಿಲೋಜೌಲ್, ಸೆಕೆಂಡಿಗೆ 10 ಸೆಂ.ಮೀ. ವೇಗ ಎಂದು ಇಟ್ಟುಕೊಂಡರೆ ಮೀಟರಿಗೆ 360 ಕಿಲೋವಾಟ್; ಜ್ವಾಲೆ ಸುಮಾರು 1.2 ಮೀಟರ್, ಅಂದರೆ ಎದೆಯ ಕೆಳಗೆ. ಟೊಂಗೆ ಹಿಡಿದು ಎದುರಿಸಬಹುದಾದ ಮೇರೆ ಇದೇ. ಅದೇ ಹುಲ್ಲು, ಅದೇ ಗಾಳಿ, ಆದರೆ 20 ಡಿಗ್ರಿ ಏರು ಎಂದುಕೊಳ್ಳಿ: ವೇಗ ನಾಲ್ಕು ಪಟ್ಟು, 1,440 ಕಿಲೋವಾಟ್, ಜ್ವಾಲೆ 2 ಮೀಟರ್ ದಾಟುತ್ತದೆ. ಅಲ್ಲಿ ಎದುರು ನಿಂತವನು ಸುಡುತ್ತಾನೆ. ಅದಕ್ಕೇ ನಿಯಮ: ಏರುವ ಬೆಂಕಿಯ ಮೇಲ್ಗಡೆ ಯಾರೂ ನಿಲ್ಲಬಾರದು, ಕಿರಿದಾದ ಕೊಳ್ಳದೊಳಗೆ ಯಾರೂ ಇಳಿಯಬಾರದು, ಸುಟ್ಟ ಕರಿನೆಲವನ್ನು ಬೆನ್ನಿಗಿಟ್ಟುಕೊಂಡು ಬದಿಯಿಂದ ಹಿಡಿಯಬೇಕು. ಬೆಂಕಿಯ ಬಾಲದಿಂದ (ಹಿಂದಿನ ಅಂಚು) ಶುರುಮಾಡಿ ಎರಡೂ ಪಕ್ಕೆಗಳನ್ನು ಹಿಂಡುತ್ತ ಮೂತಿಗೆ (ಮುನ್ನುಗ್ಗುವ ಅಂಚು) ಬರುವುದು. ಮೂತಿ ನೆತ್ತಿ ಮುಟ್ಟಿ ಸೋತ ಗಳಿಗೆಯಲ್ಲಿ ಅದನ್ನು ಮುಗಿಸುವುದು.

ಟೊಂಗೆಗೆ ಬೇವು, ಹೊಂಗೆ ಉತ್ತಮ, ಸಿಗದಿದ್ದರೆ ತಂಗಡಿ. ಬಡಿಯುವುದು ಎಂಬ ಮಾತೇ ಸರಿಯಿಲ್ಲ. ಎತ್ತಿ ಬಡಿದರೆ ಕಿಡಿ ಹಾರಿ ಹಿಂದೆ ಬೀಳುತ್ತದೆ. ಟೊಂಗೆಯನ್ನು ಅಂಚಿನ ಮೇಲೆ ಒತ್ತಿ, ಸುಟ್ಟ ಕಡೆಗೆ ಎಳೆಯಬೇಕು, ನೆಲ ಸಾರಿಸಿದಂತೆ. ಬ್ಲೋವರ್ ಬಂದ ಮೇಲೆ ಕೆಲಸ ಬೇಗವಾಗಿದೆ ನಿಜ. ಬೆನ್ನಿಗೆ ಕಟ್ಟುವ ಯಂತ್ರ 10 ಕಿಲೋ ಆಸುಪಾಸು, ಒಂದು ಟ್ಯಾಂಕ್ ಪೆಟ್ರೋಲು ಒಂದು ಗಂಟೆಯ ಸುಮಾರು. ಗಾಳಿಯನ್ನು ಜ್ವಾಲೆಯ ಬುಡಕ್ಕೆ, ನೆಲಕ್ಕೆ ಹತ್ತಿರವಾಗಿ, ಸುಟ್ಟ ಕಡೆಗೆ ಓರೆಯಾಗಿ ಹಿಡಿದರೆ ಬೆಂಕಿ ಕಿತ್ತು ಆರುತ್ತದೆ. ಮೇಲಕ್ಕೆತ್ತಿ ಹಿಡಿದರೆ ಕುಲುಮೆಗೆ ತಿದಿ ಒತ್ತಿದಂತೆ. ಪೆಟ್ರೋಲು ತುಂಬಿಸುವುದು ಕರಿನೆಲದಲ್ಲಿ, ಎಂಜಿನ್ ಆರಿದ ಮೇಲೆ. ನೈಲಾನ್ ಅಂಗಿ ತೊಟ್ಟು ಬಂದವರನ್ನು ವಾಪಸು ಕಳಿಸಬೇಕು. ಹತ್ತಿ ಅಂಗಿ, ಚರ್ಮದ ಬೂಟು, ತಲೆಗೆ ಒದ್ದೆ ಪಾವುಡ. ಒಬ್ಬರಿಗೆ 5 ಲೀಟರ್ ಕುಡಿಯುವ ನೀರು. ನೀರು ಬರುವ ಗಾಡಿ ಕೆಳಗೆ ನಿಂತು ಮೇಲಿನವರು ಬಾಯಾರಿ ಇಳಿದುಬಂದದ್ದರಿಂದಲೇ ಬಿಟ್ಟುಹೋದ ಅಂಚುಗಳು ಎಷ್ಟೋ.

ಬೆಂಕಿ ಆರಿತು ಎಂದಮೇಲಿನ ಎರಡು ಗಂಟೆ ಅತಿ ಬೇಸರದ ಹೊತ್ತು, ಅತಿ ಮುಖ್ಯವಾದದ್ದೂ ಅದೇ. ಅಂಚಿನಿಂದ 30 ಮೀಟರ್ ಒಳಗಿನ ಒಂದೊಂದು ಕೊರಡು, ಬೊಡ್ಡೆ, ಸಗಣಿಯನ್ನೂ ಸಲಿಕೆಯಿಂದ ಒಡೆದು, ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದು ಬಿಸಿ ನೋಡಬೇಕು. ಮರುದಿನ ಹನ್ನೊಂದು ಗಂಟೆಗೆ, ಗಾಳಿ ಕೊಳ್ಳದಿಂದ ಏರಲು ಶುರುವಾದಾಗ, ಇಬ್ಬರು ಮತ್ತೆ ಸುತ್ತಬೇಕು. ‘ಯಾರೋ ಮತ್ತೆ ಹಚ್ಚಿದರು’ ಎಂದು ದಾಖಲಾಗುವ ಬೆಂಕಿಗಳಲ್ಲಿ ಎಷ್ಟೋ ನಿನ್ನೆಯ ಸಗಣಿಯವೇ.

ಬೂದಿಯ ಮೇಲೆ

ಸುಟ್ಟ ವಾರದಲ್ಲೇ ಗಿಡ ನೆಡುವ ಮಾತು ಬರುತ್ತದೆ. ಬೇಡ. ದಿಂಡಿಗ, ತುಗ್ಗಲಿ, ಕಾರೆ, ಕವಳಿ ಎಲ್ಲ ಬುಡದಿಂದ ಮತ್ತೆ ಚಿಗುರುವ ಜಾತಿಗಳು. ಇವು ಮೊಳಕಾಲುದ್ದದಲ್ಲೇ ವರ್ಷಗಟ್ಟಲೆ ಉಳಿದಿರುವುದಕ್ಕೆ ಕಾರಣ ಪ್ರತಿ ವರ್ಷದ ಬೆಂಕಿ: ಎದ್ದ ಕುಡಿ ಸುಡುತ್ತದೆ, ನೆಲದೊಳಗಿನ ಬುಡ ಮಾತ್ರ ಗಡ್ಡೆಯಂತೆ ದಪ್ಪವಾಗುತ್ತ ಹೋಗುತ್ತದೆ. ಐದಾರು ವರ್ಷ ಬೆಂಕಿ ತಪ್ಪಿಸಿದರೆ ಕುಡಿ ಜ್ವಾಲೆಯ ಎತ್ತರ ದಾಟಿ, ತೊಗಟೆ ದಪ್ಪವಾಗಿ, ಆಮೇಲಿನ ಹುಲ್ಲಿನ ಬೆಂಕಿಗೆ ಸಾಯುವುದಿಲ್ಲ. ಗುಂಡಿ ತೋಡಿ ನರ್ಸರಿ ಸಸಿ ಇಡುವ ಖರ್ಚಿನಲ್ಲಿ ಆ ಇಳಿಜಾರನ್ನು ಎರಡು ಬೇಸಿಗೆ ಕಾಯಬಹುದು. ಹುಲ್ಲಿನ ದಿನ್ನೆಯ ಮೇಲೆ ಮರ ಬೇಕೇ ಎಂಬ ಪ್ರಶ್ನೆಯೂ ಇದೆ, ತೋಳಕ್ಕೆ ಬೇಡ.

ಕೆಲಸ ಇರುವುದು ಮಣ್ಣಿನಲ್ಲಿ. ಮಾರ್ಚಿನಲ್ಲಿ ಸುಟ್ಟ ಇಳಿಜಾರಿನ ಮೇಲೆ ಮೇ ತಿಂಗಳ ಅಡ್ಡಮಳೆ ಬೀಳುವಾಗ ಹೊದಿಕೆ ಇರುವುದಿಲ್ಲ. ಡಿಸೆಂಬರಿನ ಅರೆಬೆಂಕಿಯಲ್ಲಿ ಹುಲ್ಲಿನ ಬುಡದ ಬೊಡ್ಡೆಗಳು ಉಳಿದು ಮಣ್ಣನ್ನು ತಡೆಯುತ್ತವೆ. ಮಾರ್ಚಿನ ಬೆಂಕಿ ಬೊಡ್ಡೆಯನ್ನೂ ಬೂದಿ ಮಾಡುತ್ತದೆ. ಒಂದೇ ಮಳೆಗೆ ಕೆಂಪುನೀರು ಹಳ್ಳಕ್ಕೆ ಇಳಿಯುತ್ತದೆ, ದಂಬಳದ ಕಡೆಯ ಕೆರೆಗಳಿಗೆ ಹೂಳಾಗುತ್ತದೆ. ಜೆಸಿಬಿ ತಂದು ಟ್ರೆಂಚ್ ಹೊಡೆಯುವುದು ಇದಕ್ಕೆ ಉತ್ತರವಲ್ಲ. ಕಿತ್ತ ಮಣ್ಣೇ ಮೊದಲು ಹರಿದುಹೋಗುತ್ತದೆ. ಸುಟ್ಟು ಬಿದ್ದ ಕೊರಡು, ಕಲ್ಲುಗಳನ್ನು ಇಳಿಜಾರಿಗೆ ಅಡ್ಡವಾಗಿ, ನೆಲಕ್ಕೆ ಅಂಟುವಂತೆ, 10 ಮೀಟರಿಗೊಂದು ಸಾಲು ಇಟ್ಟು, ಸಣ್ಣ ಕೊರಕಲುಗಳ ಬಾಯಿಗೆ ಮೊಳಕಾಲೆತ್ತರದ ಕಲ್ಲುಕಟ್ಟೆ ಹಾಕಿದರೆ ಒಂದು ಮಳೆಗಾಲಕ್ಕೆ ಸಾಕು. ಆ ಮಳೆಗಾಲ ಮುಗಿಯುವವರೆಗೆ ಸುಟ್ಟ ತುಂಡಿಗೆ ಕುರಿ ಬಿಡಬಾರದು. ಪಕ್ಕದ ಸುಡದ ತುಂಡಿಗೆ ಬಿಡಬಹುದೇ ಎಂಬುದನ್ನು ಹಿಂಡಿನವರ ಜೊತೆ ಕೂತು, ಗಡಿಕಲ್ಲು ತೋರಿಸಿ ಗೊತ್ತು ಮಾಡಬೇಕು. ಧಾಮದ ಸುತ್ತ 5 ಕಿ.ಮೀ.ಯೊಳಗಿನ ಜಾನುವಾರುಗಳಿಗೆ ಲಸಿಕೆ ಹಾಕಿಸುವ ಹೊಣೆ 33ಎ ಕಲಮಿನ ಪ್ರಕಾರ ಹೇಗೂ ಇಲಾಖೆಯದು. ಲಸಿಕೆಯ ದಿನವೇ ಈ ಮಾತು ಆಡಿದರೆ ಎಲ್ಲ ಹಿಂಡಿನವರೂ ಒಂದೇ ಕಡೆ ಸಿಗುತ್ತಾರೆ.

ಜೂನ್ ಮೊದಲ ವಾರ, ಮುಂಗಾರಿನ ಹಸಿರು ಮುಚ್ಚಿಕೊಳ್ಳುವ ಮೊದಲು, ಕರಿ ಅಂಚಿನ ಗುಂಟ ಫೋನಿನ ಜಿಪಿಎಸ್ ಚಾಲೂ ಮಾಡಿಕೊಂಡು ನಡೆದರೆ ಸುಟ್ಟ ಜಾಗದ ನಕ್ಷೆ ಸಿಗುತ್ತದೆ. ಅದರ ಮೇಲೆ ಮೂರು ಗುರುತು ಹಾಕಬೇಕು: ಎಲ್ಲಿ ಹೊತ್ತಿತು, ಎಲ್ಲಿ ರೇಖೆ ದಾಟಿತು, ಎಲ್ಲಿ ತಾನಾಗಿ ನಿಂತಿತು. ಎರಡನೆಯ ಗುರುತಿನಲ್ಲಿ ರೇಖೆ ಜಾಗ ಬದಲಿಸುತ್ತದೆ. ಮೂರನೆಯ ಗುರುತು ಸಾಮಾನ್ಯವಾಗಿ ಒಂದು ಬಂಡೆಸಾಲು, ಹಳ್ಳ ಅಥವಾ ಹಿಂದಿನ ವರ್ಷ ಯಾರೋ ಹುಲ್ಲು ಕೊಯ್ದ ಪಟ್ಟಿ. ನವೆಂಬರಿನ ಸಲಿಕೆ ಅಲ್ಲಿಂದ ಶುರುವಾಗಬೇಕು.